ರಬ್ಬರ್ ಹಾಲು: ಕಲಕುವುದೆಷ್ಟು, ಬಿಡುವುದು ಯಾವಾಗ?

ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯನ್ನು ನಮ್ಮ ಮನೆಗಳಲ್ಲಿ ಯಾರೂ ಅಲುಗಿಸುವುದಿಲ್ಲ. ಅದೇ ಮೊಸರಿನಿಂದ ಬೆಣ್ಣೆ ಬೇಕೆಂದರೆ ಕಡೆಯಲೇಬೇಕು. ರಬ್ಬರ್ ಡಿಶ್ಶಿನಲ್ಲಿ ಈ ಎರಡು ಕಾನೂನೂ ಉಂಟು, ಒಂದರ ಬೆನ್ನಿಗೆ ಇನ್ನೊಂದು. ಶೀಟು ಕೆಟ್ಟರೆ ನಾವು ಆಸಿಡನ್ನು ಬಯ್ಯುತ್ತೇವೆ, ಟ್ಯಾಪರನ್ನು ಬಯ್ಯುತ್ತೇವೆ. ಹಾಲು ಕಲಕಿದ ಕ್ರಮವನ್ನು ವಿಚಾರಿಸುವುದು ಕಡಿಮೆ.

ಹಾಲಿನೊಳಗೆ ಏನುಂಟು?

ಮರದಿಂದ ಇಳಿದ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ರಬ್ಬರ್, ಮಿಕ್ಕದ್ದು ಹೆಚ್ಚಾಗಿ ನೀರು. ರಬ್ಬರ್ ನೀರಿನಲ್ಲಿ ಕರಗಿರುವುದಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಕಣಗಳಾಗಿ ತೇಲುತ್ತಿರುತ್ತದೆ. ಪ್ರತಿ ಕಣಕ್ಕೂ ಪ್ರೋಟೀನಿನ ತೆಳು ಹೊದಿಕೆ, ಅದರಲ್ಲಿ ಋಣ ವಿದ್ಯುದಂಶ. ಎಲ್ಲದರದ್ದೂ ಒಂದೇ ಜಾತಿಯಾದ ಕಾರಣ ಒಂದನ್ನೊಂದು ದೂಡುತ್ತವೆ, ಅಂಟಿಕೊಳ್ಳುವುದಿಲ್ಲ. ಆಸಿಡ್ ಬಿದ್ದಾಗ ಈ ತಡೆ ಹೋಗುತ್ತದೆ. ಆಮೇಲೆ ಡಿಕ್ಕಿಯಾದ ಕಣಗಳು ಅಂಟಿಯೇ ಬಿಡುತ್ತವೆ.

ಮೊದಲು ಕಲಕಬೇಕು

ತೀರಾ ಸಣ್ಣ ಕಣಗಳು ತಾವಾಗಿಯೇ ನಡುಗುತ್ತಾ ಡಿಕ್ಕಿಯಾಗುತ್ತವೆ. ಗಂಟು ದೊಡ್ಡದಾದ ಹಾಗೆ ಈ ನಡುಕ ಸಾಲದು. ಆಗ ನೀರಿನ ಹರಿವೇ ಅವನ್ನು ಸೇರಿಸಬೇಕು. ಹರಿವಿನಿಂದಾಗುವ ಡಿಕ್ಕಿಯ ಲೆಕ್ಕವನ್ನು ಸ್ಮೊಲುಕೋವ್ಸ್ಕಿ ಎಂಬ ವಿಜ್ಞಾನಿ 1917ರಲ್ಲೇ ಕೊಟ್ಟಿದ್ದಾರೆ. ಕಣಗಳ ಗಾತ್ರ ಎರಡು ಪಟ್ಟಾದರೆ ಎರಡು ಕಣ ಡಿಕ್ಕಿಯಾಗುವ ಸಂಭವ ಎಂಟು ಪಟ್ಟು! ಹಾಗಾಗಿ ಗಂಟು ಶುರುವಾದ ಮೇಲೂ ಕಲಕಿದರೆ ಅದು ಬಲು ಬೇಗ ಬೆಳೆಯುತ್ತದೆ. ಆರಂಭದಲ್ಲಿ ಕಲಕುವ ಉದ್ದೇಶ ಒಂದೇ, ಆಸಿಡ್ ಮೂಲೆಮೂಲೆಗೂ ಸಮನಾಗಿ ಹೋಗಬೇಕು. ಕಲಕದಿದ್ದರೆ ಆಸಿಡ್ ಬಿದ್ದಲ್ಲಿ ಮುದ್ದೆ, ಅಡಿಯಲ್ಲಿ ಬರೀ ಹಾಲು.

ಮತ್ತೆ ಕೈಬಿಡಬೇಕು

ಅಲುಗಿಸದೆ ಬಿಟ್ಟರೆ ಸಣ್ಣ ಗಂಟುಗಳು ಒಂದಕ್ಕೊಂದು ತಾಗಿ ಡಿಶ್ಶಿನ ಈ ಬದಿಯಿಂದ ಆ ಬದಿಗೆ ಬಲೆ ಹೆಣೆಯುತ್ತವೆ. ನೀರೆಲ್ಲಾ ಬಲೆಯೊಳಗೆ. ಇದೇ ಹೆಪ್ಪು. ಮತ್ತೆ ಬಲೆ ನಿಧಾನಕ್ಕೆ ಕುಗ್ಗಿ ನೀರನ್ನು ಹೊರಗೆ ಬಿಡುತ್ತದೆ. ಎಳೆ ಬಲೆಗೆ ಶಕ್ತಿ ಸಾಲದು. ಆಗ ಕೋಲು ಆಡಿಸಿದರೆ ಹರಿಯುತ್ತದೆ. ಹರಿದ ತುಂಡುಗಳು ಉರುಳುರುಳಿ ಗಟ್ಟಿ ಉಂಡೆಯಾಗುತ್ತವೆ. ಉಂಡೆ ಉಂಡೆ ಸೇರಿ ಒಂದೇ ಸಮನಾದ ಹೆಪ್ಪು ಆಗುವುದಿಲ್ಲ. ಮೆಷಿನಿಗೆ ಕೊಟ್ಟರೆ ಶೀಟಿನಲ್ಲಿ ಒಂದು ಕಡೆ ತೂತು, ಇನ್ನೊಂದು ಕಡೆ ದಪ್ಪ. ದಪ್ಪ ಭಾಗ ಹೊಗೆಮನೆಯಲ್ಲೂ ಒಳಗೆ ಬೆಳ್ಳಗೇ ಉಳಿಯುತ್ತದೆ, ಬೂಸ್ಟು ಬರುತ್ತದೆ. ದರ್ಜೆ ಇಳಿದಾಗ ಕ್ರಯವೂ ಇಳಿಯಿತು. ನೂರಿನ್ನೂರು ಮರದವರಿಗೆ ಇದು ಸಣ್ಣ ನಷ್ಟ ಅಲ್ಲ.

ನಂಬಿಕೆ ಬಾರದಿದ್ದರೆ ಮೂರು ಲೋಟ ಹಾಲಿನಲ್ಲಿ ಪರೀಕ್ಷೆ ಮಾಡಿ. ಮೂರಕ್ಕೂ ಒಂದೇ ಅಳತೆಯ ಆಸಿಡ್ ನೀರು. ಮೊದಲನೆಯದನ್ನು ಕಲಕಬೇಡಿ, ಎರಡನೆಯದನ್ನು ನಾಲ್ಕಾರು ಸುತ್ತು ಕಲಕಿ ಬಿಡಿ, ಮೂರನೆಯದನ್ನು ಕಲಕುತ್ತಲೇ ಇರಿ. ಮಾರನೆಯ ದಿನ ಮಗುಚಿದರೆ ಶೀಟಿಗೆ ಆಗುವ ಹೆಪ್ಪು ಎರಡನೆಯದರಲ್ಲಿ ಮಾತ್ರ.

ನಾನು ಅನುಸರಿಸುವ ಕ್ರಮ

* ಹಾಲು ತರುವ ಕ್ಯಾನು ತೊಳೆದು ಸ್ವಚ್ಛವಾಗಿರಬೇಕು, ದಾರಿಯಲ್ಲಿ ಕುಲುಕಾಟ ಕಡಿಮೆ ಇರಬೇಕು. ಹುಳಿ ಹಿಡಿಯುತ್ತಿರುವ ಹಾಲು ಕುಲುಕಿದರೆ ಬೆಣ್ಣೆಯ ಹಾಗೆ ಅಲ್ಲಿಯೇ ಗಂಟಾಗುತ್ತದೆ. ಅದು ಮತ್ತೆ ಸ್ಕ್ರಾಪೇ.

* ಹಾಲು ಸೋಸಿ, ನೀರು ಸೇರಿಸಿ 4 ಲೀಟರಿಗೆ ಅರ್ಧ ಕಿಲೋ ಒಣ ರಬ್ಬರಿನ ಹದಕ್ಕೆ ತರುತ್ತೇನೆ. ಹಾಲು ದಪ್ಪ ಇದ್ದರೆ ಆಸಿಡ್ ಹರಡುವ ಮೊದಲೇ ಹೆಪ್ಪಾಗಲು ಹೊರಡುತ್ತದೆ.

* ಫಾರ್ಮಿಕ್ ಆಸಿಡನ್ನು ಹಾಗೆಯೇ ಸುರಿಯುವುದಿಲ್ಲ. ಮೊದಲು ಧಾರಾಳ ನೀರಿಗೆ ಆಸಿಡ್, ಮತ್ತೆ ಆ ನೀರು ಹಾಲಿಗೆ. ಕೈಗವಸು ಬೇಕೇ ಬೇಕು.

* ಅಗಲ ಪಟ್ಟಿಯಿಂದ ನಿಧಾನಕ್ಕೆ ಅತ್ತಿತ್ತ ಎಳೆಯುತ್ತೇನೆ. ಜೋರಾಗಿ ಬಡಿದರೆ ಗಾಳಿ ಸೇರಿ ಶೀಟಿನಲ್ಲಿ ಗುಳ್ಳೆ ಬರುತ್ತದೆ.

* ಪಟ್ಟಿಗೆ ಎಳೆ ಹಿಡಿಯುವ ಮೊದಲೇ ಕಲಕುವುದು ಮುಗಿದಿರಬೇಕು. ನೊರೆ ತೆಗೆದು, ಡಿಶ್ ಮುಚ್ಚಿ, ಸಮತಟ್ಟಾದ ಜಾಗದಲ್ಲಿ ಬಿಡುತ್ತೇನೆ. ಆಮೇಲೆ "ಹೆಪ್ಪಾಯಿತೋ?" ಅಂತ ಯಾರೂ ಬೆರಳು ಹಾಕಿ ನೋಡಬಾರದು, ಡಿಶ್ಶನ್ನು ಸರಿಸಲೂಬಾರದು.

ಇದಕ್ಕೆ ಹೊಸ ಖರ್ಚು ಏನೂ ಇಲ್ಲ. ಮಾಡುವ ಕೆಲಸವನ್ನೇ ಹೊತ್ತು ನೋಡಿ ನಿಲ್ಲಿಸಿದರೆ ಆಯಿತು.