ಕಾಲು ಮತ್ತು ಉಗುರಿನ ತೊಂದರೆಗಳು: ಸಣ್ಣ ಗಾಯವೆಂದು ಅಲಕ್ಷ್ಯ ಬೇಡ

ರೋಣ ತಾಲೂಕಿನ ಬೆಳವಣಕಿ ಭಾಗದ್ದು ಎರೆ ಭೂಮಿ. ಮಳೆಗಾಲದಲ್ಲಿ ಕೆಸರು ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಹೆಂಟೆ, ಮುಳ್ಳು ಚುಚ್ಚುತ್ತವೆ. ಹೊಲದಲ್ಲಿ ದುಡಿಯುವವರಿಗೆ, ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ, ಬಸದಿಗೆ ಬರಿಗಾಲಲ್ಲಿ ಹೋಗುವವರಿಗೆ ಕಾಲಿನ ತೊಂದರೆ ಸಾಮಾನ್ಯ. ಹೆಚ್ಚಿನವು ಮನೆಯಲ್ಲೇ ಗುಣವಾಗುತ್ತವೆ. ಕೆಲವಕ್ಕೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಹಿಮ್ಮಡಿ ಒಡೆಯುವುದು: ಚರ್ಮ ಒಣಗಿ ದಪ್ಪವಾದಾಗ ಬಿರುಕು ಬಿಡುತ್ತದೆ. ರಾತ್ರಿ ಕಾಲು ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ರಕ್ತ ಅಥವಾ ಕೀವು ಬಂದರೆ ವೈದ್ಯರಿಗೆ ತೋರಿಸಬೇಕು.

ಬೆರಳ ಸಂದಿಯ ಹುಣ್ಣು: ಇದನ್ನು ಕೆಸರುಹುಣ್ಣು ಎನ್ನುತ್ತಾರೆ. ಒದ್ದೆ ಕಾಲಿನಲ್ಲಿ ಫಂಗಸ್ ಬೆಳೆಯುವುದೇ ಸಾಮಾನ್ಯ ಕಾರಣ. ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸುವುದೇ ಅರ್ಧ ಔಷಧ. ಉಳಿದ ಅರ್ಧ ವೈದ್ಯರು ಹೇಳುವ ಮುಲಾಮು. ಕಡಿತ ನಿಂತಿತೆಂದು ಅದನ್ನು ನಡುವೆ ಬಿಡಬಾರದು.

ಉಗುರಿನ ಫಂಗಸ್: ಉಗುರು ಹಳದಿಯಾಗಿ, ದಪ್ಪವಾಗಿ, ಪುಡಿಪುಡಿಯಾಗುತ್ತದೆ. ಕಾಲ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಬೇಕು. ಆದ್ದರಿಂದ ಚಿಕಿತ್ಸೆಗೂ ತಾಳ್ಮೆ ಬೇಕು.

ಒಳಗೆ ಬೆಳೆಯುವ ಉಗುರು: ಮೂಲೆಯನ್ನು ಆಳವಾಗಿ ಕತ್ತರಿಸುವುದು, ಬಿಗಿಯಾದ ಬೂಟು ಧರಿಸುವುದು ಇದಕ್ಕೆ ಕಾರಣ. ಉಗುರನ್ನು ನೇರವಾಗಿ ಕತ್ತರಿಸಬೇಕು.

ಆಣಿ: ಒಂದೇ ಕಡೆ ಒತ್ತಡ ಬೀಳುವುದರಿಂದ ಬರುತ್ತದೆ. ಬ್ಲೇಡಿನಿಂದ ಕೆತ್ತುವುದು, ಕೇರುಬೀಜದ ಎಣ್ಣೆ ಹಚ್ಚುವುದು ಅಪಾಯ. ಚರ್ಮ ಸುಟ್ಟು ಹುಣ್ಣಾಗುತ್ತದೆ. ಮೆತ್ತನೆಯ ಅಟ್ಟೆಯ ಪಾದರಕ್ಷೆ ಸಾಕಷ್ಟು ಆರಾಮ ಕೊಡುತ್ತದೆ. ಚರ್ಮದ ಚಪ್ಪಲಿ ಬೇಡವೆನ್ನುವವರಿಗೆ ರಬ್ಬರ್, ಕ್ಯಾನ್ವಾಸ್‌ನವು ಸಿಗುತ್ತವೆ.

ಸಕ್ಕರೆ ಕಾಯಿಲೆಯವರು ಎಚ್ಚರ: ಈ ಕಾಯಿಲೆಯಲ್ಲಿ ಕಾಲಿನ ಸ್ಪರ್ಶ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದ್ದೂ, ಬಸದಿಯ ಅಂಗಳದ ಕಾದ ಕಲ್ಲು ಸುಟ್ಟದ್ದೂ ತಿಳಿಯುವುದಿಲ್ಲ. ಅಂಥ ಗಾಯ ಕೊಳೆತು, ಬೆರಳು ಅಥವಾ ಪಾದವನ್ನೇ ತೆಗೆಯಬೇಕಾಗಬಹುದು. ಇವರು ದಿನಾಲು ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬಿಸಿನೀರಿನಲ್ಲಿ ಕಾಲಿಡಬಾರದು, ಆಣಿಗೆ ತಾವೇ ಔಷಧ ಹಚ್ಚಬಾರದು. ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಬೆಟ್ಟ ಏರುವುದಿದ್ದರೆ ಬೆಳಗಿನ ತಂಪಿನಲ್ಲೇ ಏರಿ ಇಳಿಯುವುದು ಲೇಸು. ಗಾಯ ಕಪ್ಪಾದರೆ, ವಾಸನೆ ಬಂದರೆ, ಬಾವಿನೊಡನೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಳ್ಳು, ಮೊಳೆ ಆಳವಾಗಿ ಚುಚ್ಚಿದಾಗ ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಎಲ್ಲರೂ ವೈದ್ಯರನ್ನು ಕೇಳಬೇಕು.

ಬರಿಗಾಲಲ್ಲಿ ವಿಹಾರ ಮಾಡಿ ಬಂದ ಮುನಿಗಳ ಪಾದಸೇವೆಯನ್ನು ಶ್ರಾವಕರು ವೈಯಾವೃತ್ಯವೆಂದು ಭಕ್ತಿಯಿಂದ ಮಾಡುತ್ತಾರೆ. ಬಗ್ಗಿ ತಮ್ಮ ಪಾದ ನೋಡಿಕೊಳ್ಳಲಾಗದ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ದಿನಕ್ಕೆ ಎರಡು ನಿಮಿಷ ಅವರ ಪಾದ ನೋಡಿದರೆ ಅದೂ ಸೇವೆಯೇ.