ಚಿತ್ರಸಂಗ್ರಹದ ವಹಿಯಲ್ಲಿ ಬರವಣಿಗೆಯ ಸ್ಥಾನ

ಶಾಲೆಗಳಲ್ಲಿ ವಿದ್ಯಾರ್ಥಿಗಳಿಂದ ಚಿತ್ರಸಂಗ್ರಹದ ವಹಿ ಮಾಡಿಸುವ ಪದ್ಧತಿ ಬಹುದಿನಗಳಿಂದ ರೂಢಿಯಲ್ಲಿದೆ. ಮಕ್ಕಳೂ ಪಾಲಕರೂ ಸ್ಕ್ರ್ಯಾಪ್ ಬುಕ್ ಎಂದು ಕರೆಯುವುದು ಇದನ್ನೇ. ಅಂಗಡಿಯಲ್ಲಿ ದೊರೆಯುವ ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಕೆಳಗೆ ಒಂದು ಹೆಸರು ಬರೆದರೆ ಕೆಲಸ ತೀರಿತೆಂಬ ಭಾವನೆ ಬೆಳೆದಿದೆ. ಕೈಗೆಲಸದ ದೃಷ್ಟಿಯಿಂದ ಇದು ಸರಿ; ಭಾಷಾಶಿಕ್ಷಣದ ದೃಷ್ಟಿಯಿಂದ ಅರ್ಧ ಕೆಲಸ. ವಸ್ತುವಿನ ರೂಪವನ್ನು ಚಿತ್ರವು ತೋರಿಸೀತು. ಅದನ್ನು ಯಾರು, ಎಂದು, ಎಲ್ಲಿ ಕಂಡರು, ಕಂಡು ಏನೆಂದುಕೊಂಡರು ಎಂಬುದನ್ನು ಹೇಳಲಾರದು.

ಅಮೇರಿಕದ ಲೇಖಕ ಮಾರ್ಕ್ ಟ್ವೇನನು 1873ರಲ್ಲಿ, ಮೊದಲೇ ಅಂಟು ಸವರಿದ ಪುಟಗಳುಳ್ಳ ಸಂಗ್ರಹಪುಸ್ತಕಕ್ಕೆ ಪೇಟೆಂಟ್ ಪಡೆದನು. ಪುಟಕ್ಕೆ ನೀರು ಸೋಕಿಸಿ ಕಾಗದ ಒತ್ತಿದರಾಯಿತು. ಅಂಟಿಸುವ ಶ್ರಮ ಹೀಗೆ ಹಗುರಾಯಿತು. ಬರೆಯುವ ಶ್ರಮ ಮಾತ್ರ ವಹಿಯ ಒಡೆಯನ ಪಾಲಿಗೇ ಉಳಿಯಿತು.

ನಮ್ಮ ಸುತ್ತಲಿನ ಉದಾಹರಣೆಯನ್ನೇ ನೋಡೋಣ. ಮಿರಜವು ಸಿತಾರ, ತಂಬೂರಿಗಳ ತಯಾರಿಕೆಗೆ ಹೆಸರಾದ ಊರು. 2024ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಸಿತಾರದ ಚಿತ್ರ ಅಂಟಿಸಿದ ಹುಡುಗನು ಕೆಳಗೆ "ಇದು ಸಿತಾರ. ಇದು ತಂತಿವಾದ್ಯ" ಎಂದಷ್ಟೇ ಬರೆದರೆ ಚಿತ್ರದಲ್ಲಿರುವುದನ್ನೇ ಮತ್ತೆ ಹೇಳಿದಂತಾಯಿತು. ಅವನನ್ನೇ ವಾದ್ಯ ಮಾಡುವವರ ಓಣಿಗೆ ಕಳುಹಿಸಿರಿ. ಬುರುಡೆಯ ಸೋರೆಕಾಯಿ ಪಂಢರಪುರದ ಕಡೆಯಿಂದ ಬರುತ್ತದೆ, ಅದನ್ನು ಚೆನ್ನಾಗಿ ಒಣಗಿಸಿ ಕೊಯ್ಯುತ್ತಾರೆ, ಬೆರಳಿನಿಂದ ತಟ್ಟಿದರೆ ಬರಿ ಗಡಿಗೆಯಂತೆ ದನಿ ಬರುತ್ತದೆ ಎಂದು ಬರೆದು ತರುವನು. ಈ ಮೂರು ವಾಕ್ಯಗಳು ಅವನ ಸ್ವಂತದವು.

ಗಡಿನಾಡಿನಲ್ಲಿ ಇದರಿಂದ ಇನ್ನೊಂದು ದೊಡ್ಡ ಪ್ರಯೋಜನವುಂಟು. ಕುಶಲಕರ್ಮಿಯು ಮರಾಠಿಯಲ್ಲಿ 'ಭೋಪಳಾ' ಎನ್ನುತ್ತಾನೆ. ಮನೆಯಲ್ಲಿ ಅಜ್ಜಿ 'ಸೋರೆಬುರುಡೆ' ಎನ್ನುತ್ತಾಳೆ. ಎರಡನ್ನೂ ಕೇಳಿದಂತೆಯೇ ಬರೆಯಿಸಬೇಕು. ಜತ್ತ ತಾಲೂಕಿನಲ್ಲಿಯೂ ಮಿರಜ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿಯೂ ಅಡಿಗೆಮನೆ, ಹೊಲಗಳಲ್ಲಿ ಬಳಕೆಯಾಗುವ ಎಷ್ಟೋ ಕನ್ನಡ ಮಾತುಗಳು ಪಠ್ಯಪುಸ್ತಕವನ್ನು ಕಂಡಿಲ್ಲ. ಅವು ವಹಿಗೆ ಇಳಿಯದಿದ್ದರೆ ಅಜ್ಜಿಯೊಂದಿಗೇ ಹೋಗುವವು.

ಊರಿನ ಇತಿಹಾಸಕ್ಕೂ ಇದೇ ಮಾತು. 2019ರ ಆಗಸ್ಟ್ ತಿಂಗಳಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯು 45 ಅಡಿಯ ಅಪಾಯದ ಮಟ್ಟವನ್ನು ಮೀರಿ 57 ಅಡಿಗೆ ಏರಿದಳು. ಪತ್ರಿಕೆಯ ತುಣುಕು ಇದನ್ನು ಹೇಳುತ್ತದೆ. ನಮ್ಮ ಬಾಗಿಲಿನ ಎಷ್ಟನೆಯ ಮೆಟ್ಟಿಲಿಗೆ ನೀರು ಬಂದಿತು, ದನಗಳನ್ನು ಎಲ್ಲಿ ಕಟ್ಟಿದೆವು ಎಂಬುದನ್ನು ಮಗುವೇ ಬರೆಯಬೇಕು. ಇದೇ ಜಿಲ್ಲೆಯ ಜತ್ತ ಬರಗಾಲದ ತಾಲೂಕು. ಅಲ್ಲಿಯ ಮಗು ಟ್ಯಾಂಕರಿನ ಚಿತ್ರದ ಪಕ್ಕದಲ್ಲಿ ಎಷ್ಟು ಕೊಡ ನೀರು ಸಿಕ್ಕಿತೆಂದು ಬರೆಯಲಿ. ಎರಡು ವಹಿಗಳನ್ನು ಒಟ್ಟಿಗೆ ಇಟ್ಟರೆ ಭೂಗೋಲದ ಒಂದು ಪಾಠವೇ ಆಗುವುದು.

ಇನ್ನು ಕ್ರಮದ ವಿಷಯ. ಪ್ರತಿ ಪುಟದಲ್ಲಿ ಮೂರನೆಯ ಒಂದು ಭಾಗವನ್ನು ಬರವಣಿಗೆಗೆ ಮೊದಲೇ ಬಿಡಿಸಬೇಕು. ಪತ್ರಿಕೆಯನ್ನು ಕತ್ತರಿಸುವ ಮುನ್ನ ಅದರ ಹೆಸರು, ದಿನಾಂಕಗಳನ್ನು ಬರೆದುಕೊಳ್ಳಬೇಕು; ಕತ್ತರಿಸಿದ ತುಣುಕಿನಲ್ಲಿ ಅವು ಉಳಿಯುವುದಿಲ್ಲ. ಅಂಟು ಹಸಿಯಿರುವಾಗ ಬರೆದರೆ ಮಸಿ ಹರಡುತ್ತದೆ. ಪುಟ ಒಣಗಿದ ಮೇಲೆಯೇ ಬರೆಯಿಸಬೇಕು. ಭಾವಚಿತ್ರದ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲೇ ಲೇಸು. ಕಾಗುಣಿತವನ್ನು ತಿದ್ದಿರಿ, ಮನೆಮಾತನ್ನು ಹೊಡೆದು ಗ್ರಂಥಭಾಷೆಯನ್ನು ತುಂಬಬೇಡಿರಿ.

ಪತ್ರಿಕೆಯ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮುರಿಯುತ್ತದೆ. ಒಳ್ಳೆಯ ಕಾಗದದ ಮೇಲೆ ಬರೆದ ನಾಲ್ಕು ಸಾಲು ಅದಕ್ಕಿಂತ ಹೆಚ್ಚು ಬಾಳುತ್ತದೆ. ಗುರುಬಂಧುಗಳು ಪ್ರತಿ ಇಯತ್ತೆಯಿಂದ ವರ್ಷಕ್ಕೆ ಎರಡು ಒಳ್ಳೆಯ ವಹಿಗಳನ್ನು ಆರಿಸಿ ಶಾಲೆಯ ಕಪಾಟಿನಲ್ಲಿ ಕಾಯ್ದಿಟ್ಟರೆ, ಹತ್ತು ವರ್ಷಗಳಲ್ಲಿ ಊರಿನ ಸಂಶೋಧಕರಿಗೆ ಬೇರೆಲ್ಲಿಯೂ ಸಿಗದ ಸಾಮಗ್ರಿ ಅಲ್ಲಿ ಕೂಡಿರುವುದು.