ಎಲೆಕ್ಟ್ರಾನ್ ಇಳಿಸುವ ದಾರಿಗಳು

ಉಣ್ಣುವ ಜೀವಿಗಳಿಗೆಲ್ಲ ಒಂದು ತಾಪತ್ರಯ ತಪ್ಪಿದ್ದಲ್ಲ. ಆಹಾರ ಒಡೆದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ; ಅವನ್ನು ಇನ್ನೊಂದಕ್ಕೆ ದಾಟಿಸದೆ ಉಸಿರಾಟ ಸಾಗದು. ನಾವು ಆಮ್ಲಜನಕಕ್ಕೆ ದಾಟಿಸುತ್ತೇವೆ. ಬ್ಯಾಕ್ಟೀರಿಯಾಗಳಿಗೆ ಬೇರೆ ದಾರಿಗಳೂ ಗೊತ್ತು.

ಹವಾಯಿಯ ಕರಾವಳಿಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ಸ್ಕ್ವಿಡ್ ಒಂದಿದೆ. ಅದರ ಬೆಳಕಿನ ಅಂಗದಲ್ಲಿ ಅಲೀವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಅದು ತನ್ನ ಎಲೆಕ್ಟ್ರಾನ್‌ಗಳಲ್ಲಿ ಒಂದು ಪಾಲನ್ನು ಫ್ಲೇವಿನ್ ಎಂಬ ಅಣುವಿಗೆ ಕೊಡುತ್ತದೆ. ಬಿ2 ಜೀವಸತ್ವದಿಂದ ತಯಾರಾಗುವ ಅಣು ಇದು. ಆ ಫ್ಲೇವಿನ್, ಒಂದು ಆಲ್ಡಿಹೈಡ್ ಮತ್ತು ಆಮ್ಲಜನಕ ಲೂಸಿಫೆರೇಸ್ ಕಿಣ್ವದಲ್ಲಿ ಕೂಡಿದಾಗ ಸುಮಾರು 490 ನ್ಯಾನೊಮೀಟರಿನ ನೀಲಿ-ಹಸಿರು ಬೆಳಕು ಹೊಮ್ಮುತ್ತದೆ. ನೀರಿನಲ್ಲಿ ವಿಷ ಬೆರೆತಿದ್ದರೆ ಈ ಬೆಳಕು ನಿಮಿಷಗಳಲ್ಲೇ ಕುಂದುತ್ತದೆ. ನೀರಿನ ವಿಷ ಅಳೆಯುವ ಅಂತಾರಾಷ್ಟ್ರೀಯ ಮಾನಕ ಪರೀಕ್ಷೆಯೊಂದು ನಿಂತಿರುವುದೇ ಇದರ ಮೇಲೆ.

ಬೆಳಕು ಬಲು ದುಬಾರಿ. ಅದಕ್ಕೇ ಒಂಟಿಯಾಗಿರುವಾಗ ಫಿಶೆರಿ ಹೆಚ್ಚುಕಡಿಮೆ ಕತ್ತಲಲ್ಲೇ ಇರುತ್ತದೆ. ತಾನೂ ತನ್ನವರೂ ಹೊರಬಿಟ್ಟ ರಾಸಾಯನಿಕ ಸಂಕೇತ ಸುತ್ತ ಸಾಕಷ್ಟು ಸೇರಿದ ಮೇಲಷ್ಟೇ ಬೆಳಗತೊಡಗುತ್ತದೆ. 1970ರಲ್ಲಿ ಈ ಸಂಗತಿಯನ್ನು ತೋರಿಸಿಕೊಟ್ಟವರು ಕೆನೆತ್ ನೀಲ್ಸನ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮತ್ತು ಸಂಗಡಿಗರು.

ಅದೇ ನೀಲ್ಸನ್ 1988ರಲ್ಲಿ ಚಾರ್ಲ್ಸ್ ಮೈಯರ್ಸ್ ಜೊತೆಗೂಡಿ ಇನ್ನೂ ವಿಚಿತ್ರವಾದುದನ್ನು ಪ್ರಕಟಿಸಿದರು. ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದ ಕೆಸರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವೊಂದು ಆಮ್ಲಜನಕವಿಲ್ಲದಾಗ ಮ್ಯಾಂಗನೀಸ್ ಆಕ್ಸೈಡಿಗೆ ಎಲೆಕ್ಟ್ರಾನ್ ಕೊಟ್ಟು ಬದುಕುತ್ತಿತ್ತು. ಇಂದು ಅದರ ಹೆಸರು ಶೆವನೆಲ್ಲಾ ಒನೈಡೆನ್ಸಿಸ್. ಮ್ಯಾಂಗನೀಸ್ ಆಕ್ಸೈಡ್ ಗಟ್ಟಿ ಖನಿಜ, ಕೋಶದೊಳಕ್ಕೆ ಬರುವಂಥದ್ದಲ್ಲ. ಹಾಗಾಗಿ ಎಲೆಕ್ಟ್ರಾನೇ ಹೊರಗೆ ಹೋಗಬೇಕು. ಕಬ್ಬಿಣದ ಅಂಶವುಳ್ಳ ಸೈಟೋಕ್ರೋಮ್ ಪ್ರೋಟೀನ್‌ಗಳು ಒಳಪೊರೆಯಿಂದ ಹೊರಪೊರೆಯ ಆಚೆಗೆ ಸಾಲುಗಟ್ಟಿ ನಿಂತು ಅದನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಖನಿಜದ ಬದಲು ಎಲೆಕ್ಟ್ರೋಡ್ ಇಟ್ಟರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಅತ್ಯಲ್ಪವಾದರೂ ಸರಿ. ಇದೇ ಸಾಲಿನಲ್ಲಿ ಎಲೆಕ್ಟ್ರಾನ್‌ಗಳು ಹೊರಗಿನಿಂದ ಒಳಕ್ಕೂ ಬರಬಲ್ಲವು.

ಹೊರಕ್ಕೆ ಸಾಗುವ ಹರಿವಿಗೆ ವೇಗ ಕೊಡಲು ಶೆವನೆಲ್ಲಾ ಹೊರಸೂಸುವ ವಸ್ತು ಯಾವುದು ಗೊತ್ತೆ? ಫ್ಲೇವಿನ್! 2008ರಲ್ಲಿ ಇದು ಖಚಿತವಾಯಿತು. ಫಿಶೆರಿಯಲ್ಲಿ ಬೆಳಕಿಗೆ ಒದಗುವ ಅಣುಕುಟುಂಬವೇ ಇಲ್ಲಿ ಎಲೆಕ್ಟ್ರಾನ್ ಹೊತ್ತು ಖನಿಜದತ್ತ ಸಾಗುತ್ತದೆ. ಕಡಲಿನ ಬೆಳಕನ್ನೂ ಕೆಸರಿನ ಉಸಿರಾಟವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದುವುದು ತಪ್ಪೆಂದು ನನಗೆ ಅನಿಸುವುದು ಇದಕ್ಕೇ.

ಒನೈಡೆನ್ಸಿಸ್ ಬೆಳಗುವುದಿಲ್ಲ. ಆದರೆ ಅದರ ಕುಲದಲ್ಲೇ ಬೆಳಕು ಬೀರುವ ಕಡಲವಾಸಿಗಳಿವೆ. ಅವುಗಳಲ್ಲೊಂದಾದ ಶೆವನೆಲ್ಲಾ ವುಡೈಗೆ ಆ ಹೆಸರು ಬಂದಿರುವುದು ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಅವರ ಗೌರವಾರ್ಥವಾಗಿ.